ಬ್ರೌಸರಿನ ಮೊಬೈಲಿನಲ್ಲಿ ಬೆಲ್ಲ, ಯಜಮಾನರ ಮೊಬೈಲಿನಲ್ಲಿ ಬೆಲ

ಆಲೆಮನೆಯ ಯಜಮಾನರು ಫೋನನ್ನು ದೂರ ಹಿಡಿದು ಎರಡು ಸಲ ಮೇಲೆ ಕೆಳಗೆ ಉಜ್ಜಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಕಣಪ್ಪಾ, ಬೆಲ್ಲ ಮಾರ್ಕೊಡು ಅಂದ್ರೆ ನೀನು ಬೆಲ ಮಾರಕ್ಕೆ ಒಂಟಿದ್ದೀಯಲ್ಲ?" ಅಂದರು.

ಫೋನ್ ಇಸಕೊಂಡು, ನಾನು ಅವರಿಗೆ ಮಾಡಿಕೊಟ್ಟ ಬೆಲ್ಲದ ವೆಬ್‌ಸೈಟ್ ನೋಡಿದರೆ ನಿಜ. ಅಚ್ಚು ಬೆಲ್ಲ ಹೋಗಿ ಅಚು ಬೆಲ ಆಗಿದೆ. ಕುರಿಕಟ್ಟು ಬೆಲ್ಲ ಕುರಿಕಟು ಬೆಲ. ಒತ್ತಕ್ಷರಗಳನ್ನೆಲ್ಲ ಯಾರೋ ಕತ್ತರಿ ತಗೊಂಡು ಸಾಲಾಗಿ ಕತ್ತರಿಸಿದ ಹಾಗಿತ್ತು. ಬಕೆಟ್ ಬೆಲ್ಲದಲ್ಲಿ ಬಕೆಟ್ ಮಾತ್ರ ಪಾರಾಗಿತ್ತು, ಅದಕ್ಕೆ ಒತ್ತು ಇಲ್ಲವಲ್ಲ. ನಾನು ಹಿಂದಿನ ರಾತ್ರಿಯಷ್ಟೇ ಲ್ಯಾಪ್‌ಟಾಪಿನಲ್ಲಿ ಎಲ್ಲ ಅಳತೆಯ ಪರದೆಗೂ ಎಳೆದೆಳೆದು ನೋಡಿ, ಸರಿಯಿದೆ ಅಂತ ನೆಮ್ಮದಿಯಾಗಿ ಮಲಗಿದ್ದೆ.

ಮಂಡ್ಯದಲ್ಲಿ ಕೂತು ವೆಬ್‌ಸೈಟ್ ಮಾಡುವವನು ನಾನು. ಮನೆ ಮಹಡಿಯ ಮೇಲೆ ಒಂದು ರೂಮು, 8 ಜಿಬಿ ರ‍್ಯಾಮಿನ ಹಳೇ ವಿಂಡೋಸ್ ಲ್ಯಾಪ್‌ಟಾಪು, ಅಷ್ಟೇ ಆಫೀಸು. ಗಿರಾಕಿಗಳು ಶ್ರೀರಂಗಪಟ್ಟಣ ಕಡೆಯ ಹೋಂಸ್ಟೇಯವರು, ಮೈಸೂರಿನ ಒಂದಿಬ್ಬರು ಟ್ಯೂಷನ್ ಮೇಷ್ಟ್ರುಗಳು, ಈಗ ಈ ಬೆಲ್ಲದವರು. ಇವರಲ್ಲಿ ಒಬ್ಬರೂ ತಮ್ಮ ಸೈಟನ್ನು ಕಂಪ್ಯೂಟರಿನಲ್ಲಿ ನೋಡಿಲ್ಲ. ವಾಟ್ಸಾಪಿನಲ್ಲಿ ಲಿಂಕ್ ಕಳಿಸಬೇಕು, ಅಲ್ಲೇ ಒತ್ತಿ ನೋಡುತ್ತಾರೆ. ಅವರ ಗಿರಾಕಿಗಳೂ ಹಾಗೇ. ಹಾಗಾಗಿ ಪುಟ ಬೇರೆ ಬೇರೆ ಪರದೆಯಲ್ಲಿ ಹೇಗೆ ಕಾಣುತ್ತದೆ ಅಂತ ನೋಡುವುದು ನನಗೆ ಅರ್ಧ ಕೆಲಸ. ಅದಕ್ಕೆ ನಾನು ಬಳಸಿದ ಸಾಮಾನುಗಳು ಹೇಗಿವೆ, ಯಾವುದನ್ನು ಎಷ್ಟು ನಂಬಬಹುದು ಅಂತ ಬರೆಯುತ್ತಿದ್ದೇನೆ. ವಿಶೇಷವಾಗಿ ಕನ್ನಡದ ಪುಟ ಮಾಡುವವರಿಗೆ.

ಮೊದಲು ಎಲ್ಲರೂ ಬಳಸುವುದು, ಕ್ರೋಮ್ ಒಳಗೇ ಇರುವ ಡಿವೈಸ್ ಮೋಡ್. ಎಫ್12 ಒತ್ತಿ, ಆಮೇಲೆ ಕಂಟ್ರೋಲ್ ಶಿಫ್ಟ್ ಎಂ. ಎಫ್12 ಒತ್ತದೆ ನೇರವಾಗಿ ಅದನ್ನೇ ಒತ್ತಿದರೆ ಪ್ರೊಫೈಲ್ ಮೆನು ತೆರೆಯುತ್ತದೆ, ನಾನು ಇವತ್ತಿಗೂ ದಿನಕ್ಕೊಂದು ಸಲ ಹಾಗೆ ಮಾಡುತ್ತೇನೆ. ಪುಟ ಒಂದು ಫೋನಿನ ಅಗಲಕ್ಕೆ ಕುಗ್ಗಿ ಮಧ್ಯಕ್ಕೆ ಬರುತ್ತದೆ, ಮೌಸಿನ ಬಾಣ ಹೋಗಿ ಬೆರಳಿನ ಗುರುತಿನಂಥ ಒಂದು ಗುಂಡನೆ ಬೊಟ್ಟು ಬರುತ್ತದೆ, ಅಂಚು ಹಿಡಿದು ಎಳೆದರೆ ಅಗಲ ಹೆಚ್ಚುಕಮ್ಮಿ ಮಾಡಬಹುದು. ಪುಕ್ಕಟೆ. ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಮೇಲೆ ಒಂದು ಪಟ್ಟಿಯಲ್ಲಿ ಐಫೋನು, ಪಿಕ್ಸೆಲ್ಲು, ಗ್ಯಾಲಕ್ಸಿ ಅಂತ ಹೆಸರುಗಳಿವೆ. ಆ ಹೆಸರುಗಳಿಗೆ ಜಾಸ್ತಿ ಮರುಳಾಗಬೇಡಿ. ನಮ್ಮ ಕಡೆ ಜನರ ಕೈಯಲ್ಲಿರುವ ಎಷ್ಟೋ ಫೋನು ಆ ಪಟ್ಟಿಯಲ್ಲೇ ಇಲ್ಲ. ನಾನು ರೆಸ್ಪಾನ್ಸಿವ್ ಅನ್ನುವುದನ್ನು ಆರಿಸಿ 320ರಿಂದ ಶುರು ಮಾಡಿ ನಿಧಾನಕ್ಕೆ ಎಳೆಯುತ್ತೇನೆ, ಎಲ್ಲಿ ಪುಟ ಕೆಡುತ್ತದೋ ಅಲ್ಲಿ ನಿಲ್ಲಿಸಿ ಸರಿ ಮಾಡುತ್ತೇನೆ.

320, 360 ಅಂದರೆ ಏನು ಅಂತ ಹೊಸಬರಿಗೆ ಗೊಂದಲ ಇರುತ್ತದೆ, ಯಾಕೆಂದರೆ ಫೋನಿನ ಡಬ್ಬಿಯ ಮೇಲೆ 1080 ಅಂತ ಬರೆದಿರುತ್ತಾರೆ. ಅದು ಪರದೆಯಲ್ಲಿರುವ ನಿಜವಾದ ಚುಕ್ಕೆಗಳ ಲೆಕ್ಕ. ಪುಟಕ್ಕೆ ಸಿಗುವುದು ಬೇರೆ ಲೆಕ್ಕ, ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕು ಅಂತ ಬರೆಯುವ ಭಾಷೆ) ಪಿಕ್ಸೆಲ್ಲು. 1080 ಚುಕ್ಕೆಯ ಫೋನು ಮೂರಕ್ಕೊಂದರಂತೆ ಲೆಕ್ಕ ಹಾಕಿ ಪುಟಕ್ಕೆ "ನನ್ನ ಅಗಲ 360" ಅನ್ನುತ್ತದೆ. ಅದನ್ನೂ ಸುಮ್ನೆ ಹೇಳುವುದಿಲ್ಲ, ಪುಟದ ತಲೆಯಲ್ಲಿ ವ್ಯೂಪೋರ್ಟ್ ಅನ್ನುವ ಒಂದು ಸಾಲು ಇದ್ದರೆ ಮಾತ್ರ. ಇಲ್ಲದಿದ್ದರೆ 2007ರ ಮೊದಲ ಐಫೋನಿನ ಕಾಲದಿಂದ ಬಂದ ಪದ್ಧತಿ, ಪುಟ 980 ಅಗಲ ಇದೆ ಅಂದುಕೊಂಡು ಇಡೀ ಪುಟವನ್ನು ಅಂಚೆ ಚೀಟಿಯಷ್ಟು ಮಾಡಿ ತೋರಿಸುತ್ತದೆ. ಹಳೇ ಸೈಟುಗಳನ್ನು ಫೋನಿನಲ್ಲಿ ತೆರೆದಾಗ ಇರುವೆ ಅಕ್ಷರ ಬರುವುದು ಅದಕ್ಕೇ. 2010ರಲ್ಲಿ ಈಥನ್ ಮಾರ್ಕಾಟ್ ಅನ್ನುವವರು ಒಂದೇ ಪುಟ ಎಲ್ಲ ಪರದೆಗೂ ಹೊಂದಿಕೊಳ್ಳಲಿ ಅಂತ ಬರೆದು, ರೆಸ್ಪಾನ್ಸಿವ್ ಅನ್ನುವ ಹೆಸರು ಕೊಟ್ಟರು. ಅದಕ್ಕೂ ಮುಂಚೆ ಕಂಪ್ಯೂಟರಿಗೊಂದು, ಮೊಬೈಲಿಗೊಂದು ಅಂತ ಎರಡೆರಡು ಸೈಟ್ ಮಾಡುವುದೇ ಮಾಮೂಲಿಯಾಗಿತ್ತು.

ಡಿವೈಸ್ ಮೋಡಿಗೆ ನಾನು ಕೊಡುವುದು ಐದಕ್ಕೆ ಮೂರೂವರೆ. ಅಗಲ ಎತ್ತರದ ವಿಷಯದಲ್ಲಿ ಒಳ್ಳೇ ಕೆಲಸಗಾರ. ಚೌಕಗಳು ಒಂದರ ಕೆಳಗೊಂದು ಬರುತ್ತವೋ ಇಲ್ಲವೋ, ಚಿತ್ರ ಆಚೆ ನುಗ್ಗುತ್ತದೋ, ಮೆನು ಮಡಚಿಕೊಳ್ಳುತ್ತದೋ, ಇದಕ್ಕೆಲ್ಲ ಸಾಕು. ಉಳಿದ ಒಂದೂವರೆ ಅಂಕ ಕಳೆದದ್ದು ಬೆಲದ ಲೆಕ್ಕಕ್ಕೆ.

ಅವತ್ತು ಮನೆಗೆ ಬಂದು ಅದೇ ಪುಟವನ್ನು ಮತ್ತೆ ಡಿವೈಸ್ ಮೋಡಿನಲ್ಲಿ ತೆರೆದೆ. ಬೆಲ್ಲ ಬೆಲ್ಲವಾಗೇ ಇದೆ! ಅಗಲ ಅದೇ 360. ಎಫ್12 ಒತ್ತಿದಾಗ ಬರುವ ಎಲಿಮೆಂಟ್ಸ್ ಅನ್ನುವಲ್ಲಿ ಬೆಲ್ಲದ ಹೆಸರಿನ ಮೇಲೆ ಒತ್ತಿ, ಪಕ್ಕದ ಕಂಪ್ಯೂಟೆಡ್ ಅನ್ನುವ ಪಟ್ಟಿಯ ತಳಕ್ಕೆ ಹೋದರೆ, ಪರದೆಯ ಮೇಲೆ ನಿಜವಾಗಿ ಯಾವ ಫಾಂಟ್ ಬಿದ್ದಿದೆ ಅಂತ ಬರೆದಿರುತ್ತದೆ. ಬಹಳ ಜನ ಅಲ್ಲಿ ತನಕ ಇಳಿಯುವುದೇ ಇಲ್ಲ, ನಾನೂ ಇಳಿದಿರಲಿಲ್ಲ. ನೋಡಿದರೆ ನಿರ್ಮಲಾ ಯುಐ. ಅದು ವಿಂಡೋಸ್ ಜೊತೆ ಬರುವ ಫಾಂಟು. ಯಾವ ಆಂಡ್ರಾಯ್ಡ್ ಫೋನಿನಲ್ಲಿ ನಿರ್ಮಲಾ ಇದ್ದಾಳೆ ಹೇಳಿ. ಫೋನಿನಲ್ಲಿರುವುದು ನೋಟೋ ಕನ್ನಡ.

ಡಿವೈಸ್ ಮೋಡ್ ಫೋನಿನ ಅಗಲವನ್ನು ನಟಿಸುತ್ತದೆ, ಅಕ್ಷರವನ್ನು ಮಾತ್ರ ಲ್ಯಾಪ್‌ಟಾಪಿನಿಂದಲೇ ತರುತ್ತದೆ. ಇಂಗ್ಲಿಷ್ ಪುಟವಾದರೆ ಇದರಿಂದ ಅಂಥಾ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ನೇತಾಡುತ್ತದೆ. ಅದು ಎಷ್ಟು ಕೆಳಗೆ ಇಳಿಯುತ್ತದೆ ಅನ್ನುವುದು ಫಾಂಟಿನಿಂದ ಫಾಂಟಿಗೆ ಬೇರೆ. ನಾನು ಮಾಡಿದ್ದ ತಪ್ಪು ಏನೆಂದರೆ, ಉದ್ದ ಹೆಸರು ಬಂದರೆ ಕೊನೆಯಲ್ಲಿ ಮೂರು ಚುಕ್ಕೆ ಬರಲಿ ಅಂತ ಓವರ್‌ಫ್ಲೋ ಹಿಡನ್ (ಚೌಕದ ಆಚೆ ಹೋದದ್ದನ್ನು ಮರೆಮಾಡು ಅನ್ನುವ ಸೂಚನೆ) ಹಾಕಿದ್ದೆ, ಸಾಲುಗಳು ಹತ್ತಿರ ಹತ್ತಿರ ಕಾಣಲಿ ಅಂತ ಲೈನ್ ಹೈಟ್, ಅಂದರೆ ಸಾಲಿನ ಎತ್ತರ, 1.1 ಇಟ್ಟಿದ್ದೆ. ಇಂಗ್ಲಿಷ್ ಸೈಟಿನಿಂದ ಎತ್ತಿಕೊಂಡ ಚಾಳಿ. ನಿರ್ಮಲಾದಲ್ಲಿ ಒತ್ತು ಹೇಗೋ ಆ ಸಾಲಿನ ಒಳಗೆ ಹಿಡಿಸುತ್ತಿತ್ತು, ನೋಟೋದಲ್ಲಿ ಗೆರೆ ದಾಟಿ ಕೆಳಗೆ ಹೋಯಿತು, ಹೋದದ್ದನ್ನು ಹಿಡನ್ ಕತ್ತರಿಸಿತು. ಲೈನ್ ಹೈಟ್ 1.6 ಮಾಡಿದೆ, ಬೆಲ ಬೆಲ್ಲ ಆಯಿತು. ಎರಡು ನಿಮಿಷದ ಕೆಲಸ. ಯಜಮಾನರು ಮಾತ್ರ ಇನ್ನೂ ಬಿಟ್ಟಿಲ್ಲ, ಫೋನ್ ಮಾಡಿದಾಗಲೆಲ್ಲ "ಬೆಲ ಹೆಂಗೆ ಕೆಜಿ?" ಅಂತಲೇ ಶುರು ಮಾಡುತ್ತಾರೆ.

ಇದಕ್ಕೆ ಕ್ರೋಮಿನವರನ್ನು ಬೈಯುವ ಹಾಗೂ ಇಲ್ಲ. ಇದು ಅಂದಾಜು ಮಾತ್ರ, ಅನುಮಾನ ಬಂದರೆ ನಿಜವಾದ ಫೋನಿನಲ್ಲೇ ನೋಡಿ ಅಂತ ಅವರ ಕೈಪಿಡಿಯಲ್ಲೇ ಬರೆದಿದ್ದಾರೆ. ಓದದೆ ಇದ್ದವನು ನಾನು.

ಒಂದು ಉಪಾಯ ಇದೆ: ಫಾಂಟನ್ನೇ ಪುಟದ ಜೊತೆ ಕಳಿಸುವುದು. ಗೂಗಲ್ ಫಾಂಟ್ಸಿನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಇದೆ, ತಲೆಬರಹಕ್ಕೆ ದಪ್ಪಗೆ ಬೇಕು ಅಂದರೆ ಬಲೂ ತಮ್ಮ ಇದೆ. ಆಗ ಲ್ಯಾಪ್‌ಟಾಪಿನಲ್ಲೂ ಫೋನಿನಲ್ಲೂ ಅದೇ ಅಕ್ಷರ, ಡಿವೈಸ್ ಮೋಡೂ ಬಹುಮಟ್ಟಿಗೆ ನಿಜ ಹೇಳುತ್ತದೆ. ಆದರೆ ಫಾಂಟಿನ ಫೈಲು ಇಳಿಯುವ ತನಕ ಫೋನಿನ ಸ್ವಂತ ಅಕ್ಷರವೇ ಕಾಣುತ್ತದೆ ಇಲ್ಲವೇ ಜಾಗ ಖಾಲಿ ಇರುತ್ತದೆ. ನೆಟ್ ನಿಧಾನ ಇರುವ ಊರಿನಲ್ಲಿ ಆ ಹೊತ್ತು ಸ್ವಲ್ಪವಲ್ಲ. ಹಾಗಾಗಿ ಎರಡರಲ್ಲೂ ಕೆಡದ ಹಾಗೆ ಸಾಲಿನ ಎತ್ತರ ಧಾರಾಳವಾಗಿ ಇಡುವುದೇ ವಾಸಿ.

ಡಿವೈಸ್ ಮೋಡಿನಲ್ಲಿ ತಿಳಿಯದ ಇನ್ನೂ ಕೆಲವು ಇವೆ. ಕೀಬೋರ್ಡ್ ಏಳುವುದಿಲ್ಲ. ನಿಜವಾದ ಫೋನಿನಲ್ಲಿ ವಿಳಾಸ ತುಂಬಲು ಹೋದರೆ ಅರ್ಧ ಪರದೆ ಕೀಬೋರ್ಡೇ ನುಂಗುತ್ತದೆ, ಪರದೆಯ ತಳಕ್ಕೆ ಅಂಟಿಸಿದ "ಆರ್ಡರ್ ಮಾಡಿ" ಗುಂಡಿ ಅದರ ಹಿಂದೆ ಮಾಯ. 571401 ಅಂತ ಪಿನ್‌ಕೋಡ್ ಹಾಕಲು ಹೋದರೆ ಅಂಕಿಯ ಕೀಬೋರ್ಡ್ ಬರುತ್ತದೋ, ಅಕ್ಷರದ್ದು ಬರುತ್ತದೋ, ಅದೂ ಫೋನಿನಲ್ಲೇ ಗೊತ್ತಾಗಬೇಕು. ಐಫೋನಿನ ಸಫಾರಿ ಬ್ರೌಸರಿನಲ್ಲಿ ತುಂಬುವ ಜಾಗದ ಅಕ್ಷರ 16 ಪಿಕ್ಸೆಲ್ಲಿಗಿಂತ ಚಿಕ್ಕದಿದ್ದರೆ ಬೆರಳಿಟ್ಟ ತಕ್ಷಣ ಪುಟ ತಾನಾಗೇ ಹಿಗ್ಗಿ ಎದೆ ಮೇಲೆ ಬಂದು ಕೂರುತ್ತದೆ. ಇನ್ನು ಬೆರಳು. ಮೌಸಿನಲ್ಲಿ ಎಷ್ಟು ಸಣ್ಣ ಗುಂಡಿಯನ್ನಾದರೂ ಗುರಿಯಿಟ್ಟು ಹೊಡೆಯಬಹುದು. ಆಲೆಮನೆಯಲ್ಲಿ ಕೊಪ್ಪರಿಗೆ ಪಕ್ಕ ನಿಂತವರ ಅಂಟು ಬೆರಳಿಗೆ 24 ಪಿಕ್ಸೆಲ್ಲಿನ ಗುಂಡಿ ಸಿಗಲಿಲ್ಲ, ಮೂರು ಸಲ ಒತ್ತಿ ಪಕ್ಕದ್ದೇ ಬಂತು. ಗೂಗಲ್ 48 ಅನ್ನುತ್ತದೆ, ಆಪಲ್ 44 ಅನ್ನುತ್ತದೆ. ನಾನೀಗ 48ಕ್ಕಿಂತ ಕೆಳಗೆ ಇಳಿಯುವುದಿಲ್ಲ.

ಫೈರ್‌ಫಾಕ್ಸಿನಲ್ಲೂ ಇಂಥದ್ದೇ ಒಂದಿದೆ, 2012ರಿಂದಲೂ ಇದೆ. ಅಲ್ಲಿ ಎಫ್12 ಗೊಡವೆ ಇಲ್ಲ, ಕಂಟ್ರೋಲ್ ಶಿಫ್ಟ್ ಎಂ ನೇರವಾಗಿ ಕೆಲಸ ಮಾಡುತ್ತದೆ. ಅಕ್ಷರದ ವಿಷಯದಲ್ಲಿ ಅದೂ ಲ್ಯಾಪ್‌ಟಾಪಿನದೇ. ಅಷ್ಟು ಸಾಕು ಅದರ ಬಗ್ಗೆ.

ರೆಸ್ಪಾನ್ಸಿವ್ಲಿ ಅಂತ ಒಂದು ಆಪ್ ಇದೆ, ಪುಕ್ಕಟೆ, ಓಪನ್ ಸೋರ್ಸ್. ಇದು ನನಗೆ ಇಷ್ಟವಾಯಿತು. ಒಂದೇ ಪುಟವನ್ನು ನಾಲ್ಕೈದು ಅಳತೆಯಲ್ಲಿ ಪಕ್ಕ ಪಕ್ಕ ಇಡುತ್ತದೆ. ಒಂದರಲ್ಲಿ ಸ್ಕ್ರೋಲ್ ಮಾಡಿದರೆ ಎಲ್ಲವೂ ಸ್ಕ್ರೋಲ್ ಆಗುತ್ತವೆ, ಒಂದರಲ್ಲಿ ಮೆನು ಒತ್ತಿದರೆ ಎಲ್ಲದರಲ್ಲೂ ತೆರೆಯುತ್ತದೆ. ಮೊದಲ ಸಲ ನೋಡಿದಾಗ ಸಂತೋಷಕ್ಕೆ ಸುಮ್ನೆ ಹತ್ತು ನಿಮಿಷ ಮೇಲೆ ಕೆಳಗೆ ಮಾಡುತ್ತಾ ಕೂತಿದ್ದೆ. ಹೋಂಸ್ಟೇಯವರಿಗೆ ವಿನ್ಯಾಸ ತೋರಿಸುವಾಗ ಇದರ ಸ್ಕ್ರೀನ್‌ಶಾಟ್ ಕಳಿಸಿದೆ, ಫೋನು, ಟ್ಯಾಬು, ಲ್ಯಾಪ್‌ಟಾಪು ಎಲ್ಲ ಸಾಲಾಗಿ ಕಂಡು ಅವರಿಗೆ ಬಹಳ ಹಿಡಿಸಿತು. ಐದು ಕಿಟಕಿ ಅಂದರೆ ಐದು ಪುಟ ಒಟ್ಟಿಗೆ ಓಡಿದ ಹಾಗೆ, ನನ್ನ ಹಳೇ ಲ್ಯಾಪ್‌ಟಾಪು ಅದಕ್ಕೆ ರೈಸ್ ಮಿಲ್ ಥರ ಸದ್ದು ಮಾಡುತ್ತದೆ, ಅದು ಆಪಿನ ತಪ್ಪಲ್ಲ. ಒಳಗಿರುವುದು ಕ್ರೋಮಿಗೂ ಮೂಲವಾದ ಕ್ರೋಮಿಯಂ, ಹಾಗಾಗಿ ಇಲ್ಲೂ ನಿರ್ಮಲಾನೇ. ಕನ್ನಡಕ್ಕೆ ಪೂರ್ತಿ ನಂಬಬೇಡಿ. ಬರೀ ವಿನ್ಯಾಸಕ್ಕೆ ನಾಲ್ಕು ಅಂಕ.

ಆಮೇಲೆ ಬಾಡಿಗೆ ಫೋನು. ಎಲ್ಲೋ ದೂರದ ಕೋಣೆಯಲ್ಲಿ ನಿಜವಾದ ಫೋನುಗಳನ್ನು ಜೋಡಿಸಿಟ್ಟಿರುತ್ತಾರೆ, ನಾವು ಬ್ರೌಸರಿನಿಂದ ಅದನ್ನು ಒತ್ತುವುದು. ಬ್ರೌಸರ್‌ಸ್ಟಾಕ್ ಇದರಲ್ಲಿ ದೊಡ್ಡ ಹೆಸರು, 2011ರಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ್ದು. ನಾನು ಪುಕ್ಕಟೆ ಸಿಗುವಷ್ಟು ನಿಮಿಷಗಳನ್ನು ಜಿಪುಣನ ಹಾಗೆ ಬಳಸಿದೆ, ಐಫೋನಿನ ಸಫಾರಿ ನೋಡಲು. ವಿಂಡೋಸ್ ಇಟ್ಟುಕೊಂಡವರಿಗೆ ಸಫಾರಿ ನೋಡಲು ಬೇರೆ ದಾರಿ ಕಮ್ಮಿ. ಐಫೋನಿನಲ್ಲಿ ಕ್ರೋಮ್ ಹಾಕಿಕೊಂಡರೂ ಒಳಗಿನ ಎಂಜಿನ್ ನಮ್ಮ ದೇಶದಲ್ಲಿ ಸಫಾರಿಯದೇ, ಹಾಗಾಗಿ ಲ್ಯಾಪ್‌ಟಾಪಿನ ಕ್ರೋಮಿನಲ್ಲಿ ಐಫೋನ್ ಅಂತ ಆರಿಸಿದರೆ ಅದು ಐಫೋನ್ ಅಲ್ಲವೇ ಅಲ್ಲ, ಐಫೋನಿನ ಅಳತೆಯ ಕ್ರೋಮು. ಅಲ್ಲೇ ಗೊತ್ತಾಗಿದ್ದು, ಮೊದಲ ಪುಟಕ್ಕೆ ನಾನು ಕೊಟ್ಟಿದ್ದ 100 ವಿಎಚ್ ಎತ್ತರ (ಅಂದರೆ ಪರದೆಯ ಪೂರ್ತಿ ಎತ್ತರ) ಬ್ರೌಸರಿನ ವಿಳಾಸದ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯದೆ ಗುಂಡಿಯನ್ನು ಪರದೆಯ ಆಚೆ ತಳ್ಳಿತ್ತು ಅಂತ. ಈಗ ಆ ಪಟ್ಟಿಯನ್ನೂ ಲೆಕ್ಕಕ್ಕೆ ಹಿಡಿಯುವ ಡಿವಿಎಚ್, ಎಸ್‌ವಿಎಚ್ ಅಂತ ಹೊಸ ಅಳತೆಗಳಿವೆ, 2022ರಲ್ಲಿ ಸಫಾರಿಗೂ ಕ್ರೋಮಿಗೂ ಬಂದವು, ಅದನ್ನು ಹಾಕಿದೆ.

ದಿನಾ ಇಂಥದ್ದೇ ಕೆಲಸ ಇರುವ ತಂಡಕ್ಕೆ ಬಾಡಿಗೆ ಫೋನು ಸರಿ. ನನ್ನಂಥ ಒಂಟಿ ಎತ್ತಿಗೆ ತಿಂಗಳ ಬಾಡಿಗೆ ಭಾರ. ಇದೇ ಥರದ ಇನ್ನೊಂದು ಸೇವೆ, ಹೆಸರು ಬೇಡ, ಒಂದು ತಿಂಗಳಿಗೆ ಅಂತ ತಗೊಂಡೆ. ಎರಡನೇ ತಿಂಗಳೂ ಕಾರ್ಡಿನಿಂದ ದುಡ್ಡು ಎಳೆದುಕೊಂಡರು. ನಿಲ್ಲಿಸುವ ಗುಂಡಿ ಹುಡುಕಲು ಅರ್ಧ ದಿನ ಹೋಯಿತು. ಎಲ್ಲ ಪರದೆಯಲ್ಲೂ ಪುಟ ಚೆನ್ನಾಗಿ ಕಾಣಲಿ ಅಂತ ಸೇವೆ ಕೊಡುವವರು ಆ ಒಂದು ಗುಂಡಿಯನ್ನು ಮಾತ್ರ ಯಾವ ಪರದೆಯಲ್ಲೂ ಕಾಣದ ಹಾಗೆ ಇಟ್ಟಿದ್ದರು.

ಕೊನೆಗೆ ನಾನು ನಿಂತಿದ್ದು ಒಂದು ಸ್ಟೀಲ್ ತಟ್ಟೆಯ ಮೇಲೆ. ಮೈಸೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಮೂಲೆ ಬಿರುಕು ಬಿಟ್ಟ ಹಳೇ ಆಂಡ್ರಾಯ್ಡ್ ಫೋನೊಂದು ಅಗ್ಗಕ್ಕೆ ಸಿಕ್ಕಿತು. ಅಂಗಡಿಯವರು "ಇದು ಯಾಕೆ ಸಾರ್, ಪರದೆ ಸರಿ ಇಲ್ಲ" ಅಂದರು, ನನಗೆ ಬೇಕಾಗಿದ್ದೇ ಅಂಥದ್ದು. ಅಮ್ಮನ ಹಳೇ ಫೋನು ಒಂದು, ಅಕ್ಕನ ಮಗ ಲಾಕ್‌ಡೌನಿನಲ್ಲಿ ಪಾಠ ಕೇಳಿದ ಟ್ಯಾಬ್ ಒಂದು, ಭಾನುವಾರ ತಂಗಿ ಬಂದಾಗ ಅವಳ ಐಫೋನು. ಎಲ್ಲ ತಟ್ಟೆಯಲ್ಲಿ ಸಾಲಾಗಿ. ಅಮ್ಮ "ತಿಂಡಿ ತಟ್ಟೆ ಎಲ್ಲಿ" ಅಂತ ಕೇಳಿದಾಗ ಮಾತ್ರ ಸ್ವಲ್ಪ ಕಷ್ಟ.

ಫೋನನ್ನು ಸುಮ್ನೆ ಕೈಯಲ್ಲಿ ಹಿಡಿದು ನೋಡುವುದಕ್ಕಿಂತ ವೈರ್ ಹಾಕಿ ನೋಡುವುದು ಎಷ್ಟೋ ಮೇಲು. ಫೋನಿನ ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ (ಏಳೇ ಯಾಕೆ ಅಂತ ಕೇಳಬೇಡಿ, ಪ್ರದಕ್ಷಿಣೆ ಅಂದುಕೊಳ್ಳಿ). ಅದರಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ, ಚಾರ್ಜರ್ ವೈರಿನಲ್ಲೇ ಲ್ಯಾಪ್‌ಟಾಪಿಗೆ ಸೇರಿಸಿ, ಕ್ರೋಮಿನಲ್ಲಿ ಇನ್ಸ್‌ಪೆಕ್ಟ್ ಪುಟ (chrome://inspect) ತೆರೆದರೆ ಫೋನಿನಲ್ಲಿ ತೆರೆದಿರುವ ಪುಟ ಇಲ್ಲಿ ಕಾಣುತ್ತದೆ. ಇಲ್ಲಿ ಲೈನ್ ಹೈಟ್ ಬದಲಾಯಿಸಿದರೆ ಅಲ್ಲಿ ಫೋನಿನ ಮೇಲೆ ಸಾಲು ಕಣ್ಣೆದುರೇ ಏರುತ್ತದೆ. ನಾನು 1.1ರಿಂದ ಒಂದೊಂದೇ ಹೆಜ್ಜೆ ಏರಿಸುತ್ತಾ ಹೋದೆ. 1.3ಕ್ಕೆ ಲಕಾರದ ಒತ್ತಿನ ತಲೆ ಕಾಣಿಸಿತು, 1.4ಕ್ಕೆ ಹೊಟ್ಟೆ, 1.5 ದಾಟಿದ ಮೇಲೆ ಪೂರ್ತಿ. ಕಂಪ್ಯೂಟೆಡ್ ಪಟ್ಟಿಯ ತಳದಲ್ಲಿ ಫಾಂಟಿನ ಹೆಸರು ಈಗ ನೋಟೋ ಅಂತ ಬಂತು. ಇದಕ್ಕೆ ಐದಕ್ಕೆ ಐದು, ಖರ್ಚು ಒಂದು ವೈರು. ಅದೂ ಡೇಟಾ ಹೋಗುವ ವೈರೇ ಆಗಿರಲಿ, ಬರೀ ಚಾರ್ಜ್ ಆಗುವ ಅಗ್ಗದ ವೈರಿನಲ್ಲಿ ನಾನು ಒಂದು ಸಂಜೆ ಪೂರ್ತಿ ಒದ್ದಾಡಿದ್ದೇನೆ.

ಇಷ್ಟೆಲ್ಲ ಆದ ಮೇಲೂ ಯಜಮಾನರ ಫೋನು ಇನ್ನೊಂದು ಪಾಠ ಇಟ್ಟುಕೊಂಡಿತ್ತು. ಬೆಲ್ಲ ಸರಿ ಹೋಯಿತು, ಆದರೆ ಪುಟ ಅಡ್ಡಡ್ಡ ಜಾರುತ್ತಿತ್ತು. ಬಲಗಡೆ ಒಂದು ಬಿಳಿ ಪಟ್ಟಿ. ನನ್ನ ತಟ್ಟೆಯ ಯಾವ ಫೋನಿನಲ್ಲೂ ಹಾಗಿಲ್ಲ. ಪುಟದ ಮೂಲೆಯಲ್ಲಿ ಅಗಲ ಎಷ್ಟು ಅಂತ ತೋರಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಹಾಕಿ ಲಿಂಕ್ ಕಳಿಸಿ, ಅಲ್ಲಿ ಬಂದ ನಂಬರ್ ಓದಿ ಹೇಳಿ ಅಂದೆ. "ಮುನ್ನೂರ ಇಪ್ಪತ್ತು ಅಂತದೆ" ಅಂದರು. ಆ ಫೋನು 360 ಇರಬೇಕು! ಅವರ ಮಗನನ್ನು ಕೇಳಿದಾಗ ತಿಳಿಯಿತು, ಅಪ್ಪನಿಗೆ ಕಣ್ಣು ಮಂಜು ಅಂತ ಅವನೇ ಡಿಸ್‌ಪ್ಲೇ ಸೈಜ್ ದೊಡ್ಡದು ಮಾಡಿಕೊಟ್ಟಿದ್ದಾನೆ. ಆಂಡ್ರಾಯ್ಡಿನಲ್ಲಿ ಅದನ್ನು ಏರಿಸಿದರೆ ಎಲ್ಲ ದೊಡ್ಡದಾಗಿ ಕಾಣುತ್ತದೆ, ಅಂದರೆ ಪುಟಕ್ಕೆ ಸಿಗುವ ಅಗಲ ಕಮ್ಮಿಯಾಗುತ್ತದೆ. ಬಿಳಿ ಪಟ್ಟಿಗೆ ಕಾರಣ "ರಾಸಾಯನಿಕಮುಕ್ತ" ಅನ್ನುವ ಒಂದೇ ಪದ. ದೊಡ್ಡ ಅಕ್ಷರದಲ್ಲಿ ಬರೆದಿದ್ದೆ, ಎಲ್ಲೂ ಮುರಿಯದ ಉದ್ದ ಪದ, 320ರಲ್ಲಿ ಹಿಡಿಸದೆ ಪುಟವನ್ನೇ ಪಕ್ಕಕ್ಕೆ ತಳ್ಳಿತ್ತು. ಲ್ಯಾಪ್‌ಟಾಪಿನಲ್ಲಿ 320ಕ್ಕೂ ನೋಡಿದ್ದೆನಲ್ಲ ಅಂದರೆ, ಹೌದು, ಆದರೆ ನಿರ್ಮಲಾದಲ್ಲಿ, ಅಲ್ಲಿ ಅದೇ ಪದ ಕೂದಲೆಳೆಯಲ್ಲಿ ಹಿಡಿಸಿತ್ತು.

ಈ 320 ಹಳೇ ಫೋನಿನ ಲೆಕ್ಕ, ಈಗ ಯಾರೂ ಬಳಸಲ್ಲ ಅಂತ ನನ್ನ ಜೊತೆ ವಾದ ಮಾಡಿದವರು ಇದ್ದಾರೆ. ವೆಬ್ ಪುಟ ಎಲ್ಲರಿಗೂ, ಕಣ್ಣು ಸರಿ ಕಾಣದವರಿಗೂ, ಬಳಸಲು ಬರಬೇಕು ಅನ್ನುವ 2018ರ ಡಬ್ಲ್ಯುಸಿಎಜಿ 2.1 ನಿಯಮದಲ್ಲೇ 320 ಅಗಲದಲ್ಲಿ ಪುಟ ಅಡ್ಡ ಜಾರಬಾರದು ಅಂತ ಇದೆ, ಕಂಪ್ಯೂಟರಿನಲ್ಲಿ 1280 ಅಗಲದ ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿ ಓದುವವರಿಗೂ ಅದೇ ಅಗಲ ಉಳಿಯುವುದು. ಕಣ್ಣು ಮಂಜಾದವರ ಅಗಲ ಅದು, ಹಳೇ ಫೋನಿನದು ಮಾತ್ರ ಅಲ್ಲ. ನಾನು ಆ ಪದವನ್ನೇ ತೆಗೆದು "ಕೆಮಿಕಲ್ ಇಲ್ಲದ ಬೆಲ್ಲ" ಅಂತ ಹಾಕಿದೆ. ಮೂರು ಪದ, ಬೇಕಾದ ಕಡೆ ಮುರಿಯುತ್ತದೆ. ಯಜಮಾನರೂ ಮಾತಾಡುವುದು ಹಾಗೇ ಅಲ್ವಾ.

ಈಗ ಉಳಿದಿರುವುದು ಮಡಚುವ ಫೋನು. ಡಿವೈಸ್ ಮೋಡಿನ ಪಟ್ಟಿಯಲ್ಲಿ ಗ್ಯಾಲಕ್ಸಿ ಝಡ್ ಫೋಲ್ಡ್ ಇದೆ, ಅದರಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಆದರೆ ಹಾಗೆ ಚೆನ್ನಾಗಿ ಕಂಡಿದ್ದನ್ನು ನಂಬಿದ್ದರ ಕತೆ ಮೇಲೆ ಹೇಳಿದ್ದೇನಲ್ಲ. ನನ್ನ ಗುರುತಿನವರು ಯಾರ ಹತ್ತಿರವೂ ಅದಿಲ್ಲ. ಮಂಡ್ಯದಲ್ಲೋ ಮೈಸೂರಲ್ಲೋ ನಿಮ್ಮ ಹತ್ತಿರ ಇದ್ದರೆ ಐದು ನಿಮಿಷ ಕೊಡಿ, ಕಾಫಿ ನನ್ನದು. ವೈರ್ ನಾನೇ ತರುತ್ತೇನೆ.